ಹೊಸ ಬೆಡ್‌ಶೀಟನ್ನು ಚಿಂದಿ ಮಾಡಿದವರು ಯಾರು?

ಮಾನ್ಯ ಅಧಿಕಾರಿಗಳೇ,

ಚಿಂದಿ ಎಂದು ನೀವು ಕಳಿಸಿದ ಆ ಎರಡು ಬಟ್ಟೆ ಮೂಟೆಗಳಿಂದ ನಾವು ಒಂದು ಚೀಲವನ್ನೂ ಹೊಲಿದಿಲ್ಲ. ನಿಮ್ಮ ಗುಮಾಸ್ತರು ತಂದ ಕಾಗದಕ್ಕೆ ಸಹಿಯನ್ನೂ ಹಾಕಿಲ್ಲ. ‘ಹರಿದ, ಬಳಕೆಗೆ ಬಾರದ ಬಟ್ಟೆಯನ್ನು ಪಡೆದಿದ್ದೇವೆ’ ಎಂದು ಅದರಲ್ಲಿ ಬರೆದಿದೆ. ಸೋಮವಾರದೊಳಗೆ ಸಹಿ ಹಾಕದಿದ್ದರೆ ನಮ್ಮ ಹೊಲಿಗೆ ಕೋಣೆಗೆ ಬೀಗ ಬೀಳುತ್ತದಂತೆ. ಕೋಣೆ ನಿಮ್ಮದು, ಬೀಗವೂ ನಿಮ್ಮದೇ. ಅಲ್ಲಿ ಕೂತು ಚೂರು ಬಟ್ಟೆ ಜೋಡಿಸಿ ಚೀಲ ಹೊಲಿಯುವ ಒಂಬತ್ತು ಹೆಂಗಸರ ಹೊಟ್ಟೆ ಮಾತ್ರ ನಮ್ಮದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಐದಕ್ಕೆ ಹೋಗಿದ್ದರೆ ನಿಮ್ಮ ಕಾಗದವನ್ನು ನಂಬುತ್ತಿದ್ದೆನೋ ಏನೋ. ಆದರೆ ಇಪ್ಪತ್ತು ವರ್ಷದಿಂದ ಕತ್ತರಿ ಹಿಡಿದಿದ್ದೇನೆ. ದರ್ಜಿ ಅಂಗಡಿಯ ಚೂರಿಗೆ ಒಂದು ಆಕಾರ ಇರುತ್ತದೆ. ಕುತ್ತಿಗೆ ಕತ್ತರಿಸಿದರೆ ಅರ್ಧಚಂದ್ರ ಉಳಿಯುತ್ತದೆ, ತೋಳು ಕತ್ತರಿಸಿದರೆ ಚೂಪು ಮೂಲೆ. ಹಳೇ ಬಟ್ಟೆಯಾದರೆ ನಡುವೆ ಸವೆದಿರುತ್ತದೆ. ನಿಮ್ಮ ಮೂಟೆಯಲ್ಲಿದ್ದವು ನೆಟ್ಟಗೆ ಕತ್ತರಿಸಿದ ಬಿಳಿ ತುಂಡುಗಳು. ಹೊಸ ಬಟ್ಟೆಯ ಗಂಜಿ ಕೂಡ ಹೋಗಿರಲಿಲ್ಲ. ಇಷ್ಟು ಶಿಸ್ತಾಗಿ ಹರಿಯುವ ಬಟ್ಟೆ ಯಾವ ಅಂಗಡಿಯಲ್ಲಿ ಸಿಗುತ್ತದೆ ಸ್ವಾಮಿ? ಹೇಳಿದರೆ ನಾನೂ ಎರಡು ಮೀಟರ್ ತಂದುಕೊಳ್ಳುತ್ತೇನೆ.

ಅನುಮಾನ ಬಂದು ಎಲ್ಲವನ್ನೂ ನೆಲದ ಮೇಲೆ ಹರಡಿದೆವು. ಚೀಲಗಳಿಗೆ ಹಿಡಿಕೆ ಹೊಲಿಯುವ ನಮ್ಮ ಚಿಕ್ಕಮ್ಮನ ಕೈಗೆ ಅರ್ಧ ಮುದ್ರೆ ಇದ್ದ ತುಂಡು ಸಿಕ್ಕಿತು. ಇನ್ನರ್ಧ ಇನ್ನೊಂದು ಮೂಟೆಯಲ್ಲಿತ್ತು. ಕೂಡಿಸಿ ಓದಿದರೆ ನಿಮ್ಮದೇ ದೊಡ್ಡಾಸ್ಪತ್ರೆ, ಹೆಂಗಸರ ವಾರ್ಡು.

ಹೋದ ತಿಂಗಳು ನಮ್ಮತ್ತೆ ಎಂಟು ದಿನ ಮಲಗಿದ್ದು ಅದೇ ವಾರ್ಡಿನಲ್ಲಿ, ಬರೀ ರೆಕ್ಸಿನ್ ಮೇಲೆ. ಬೆಡ್‌ಶೀಟು ಕೇಳಿದರೆ ಬಂದೇ ಇಲ್ಲ ಎಂದರು. ಮೂರನೇ ದಿನ ಬೆನ್ನಿನ ಚರ್ಮ ರೆಕ್ಸಿನ್ನಿಗೆ ಅಂಟಿ ಕಿತ್ತುಬಂತು. ನನ್ನ ಅಡುಗೆಯನ್ನು ಬೈಯದೆ ಒಂದು ಹೊತ್ತೂ ಉಂಡವರಲ್ಲ ಅವರು. ಅಂದು ತಂದಿದ್ದನ್ನು ಸುಮ್ಮನೆ ಉಂಡರು. ನಾನು ನಿಜವಾಗಿ ಹೆದರಿದ್ದು ಆಗಲೇ.

ಮುದ್ರೆಯನ್ನು ತೋರಿಸಿ ನಿಮ್ಮ ಗುಮಾಸ್ತರನ್ನು ಕೇಳಿದೆ.

“ನಿಮಗ್ಯಾಕಕ್ಕ ಇಲ್ಲದ ಉಸಾಬರಿ? ಸಹಿ ಹಾಕಿ, ಚೀಲ ಹೊಲೀರಿ.”

“ಹಾಕ್ತೀನಪ್ಪ. ‘ಹೊಸ ಬೆಡ್‌ಶೀಟು ಬಂತು’ ಅಂತ ಬರ್ಕೊಂಡು ಬಾ.”

ಆತ ತುಂಡನ್ನು ಕಿಸೆಗೆ ಹಾಕಲು ನೋಡಿದ. ಚಿಕ್ಕಮ್ಮ ಅದರ ಮೇಲೆಯೇ ಕೂತುಬಿಟ್ಟಳು.

ಬರದೇ ಇದ್ದ ಬೆಡ್‌ಶೀಟು ಹಳೆಯದಾಗಿದ್ದು ಯಾವಾಗ? ಹಳೆಯದೆಂದು ತೋರಿಸಿ ಇನ್ನೊಮ್ಮೆ ಹೊಸದು ತರಿಸುವ ಉಪಾಯವೇ? ನಾವು ಹೊಲಿದ ಚೀಲ ಹಿಡಿದು ನೀವು ಫೋಟೋದಲ್ಲಿ ನಗುವಾಗ ನಾವೂ ಹಲ್ಲುಬಿಟ್ಟು ಪಕ್ಕದಲ್ಲಿ ನಿಲ್ಲಬೇಕೇ?

ಮೂರು ದಿನ ಕೂತು, ತುಂಡಿಗೆ ತುಂಡು ಹುಡುಕಿ, ಹದಿನಾಲ್ಕು ಬೆಡ್‌ಶೀಟುಗಳನ್ನು ಮತ್ತೆ ಕೂಡಿಸಿದ್ದೇವೆ. ಮಲಗಿದವರ ಬೆನ್ನಿಗೆ ಒತ್ತದಂತೆ ಹೊಲಿಗೆಯನ್ನು ಚಪ್ಪಟೆ ಮಾಡಿದ್ದೇವೆ. ಸೋಮವಾರ ಗುಮಾಸ್ತರನ್ನು ಕಳಿಸಬೇಡಿ, ನೀವೇ ಬನ್ನಿ. ಅವನ್ನು ವಾರ್ಡಿಗೆ ಒಯ್ದು ನಿಮ್ಮ ಕೈಯಿಂದಲೇ ಹಾಸಿ. ಕತ್ತರಿಸಲು ಹೇಳಿದವರು ಯಾರೆಂದು ಬರೆದು ಸಹಿ ಹಾಕಿ. ಸಾಕ್ಷಿಗೆ ನಾವು ಒಂಬತ್ತು ಜನ ಕೆಳಗೆ ಹಾಕುತ್ತೇವೆ.

ಇನ್ನೂ ಬರೆಯುವುದಿತ್ತು. ಚಿಕ್ಕಮ್ಮ ಊಟಕ್ಕೆ ಕರೆಯುತ್ತಿದ್ದಾಳೆ. “ಸಾಹೇಬ್ರು ಎಲ್ಲೂ ಓಡಿಹೋಗಲ್ಲ, ಮೊದ್ಲು ಉಣ್ಣು ಬಾರೆ” ಅನ್ನುತ್ತಾಳೆ. ನನಗೆ ಅಷ್ಟು ನಂಬಿಕೆ ಇಲ್ಲ. ಅದಕ್ಕೇ ಇದನ್ನು ಪೇಪರಿನವರಿಗೆ ಕೊಟ್ಟು, ಆಮೇಲೆ ಉಣ್ಣಲು ಕೂರುತ್ತೇನೆ.

ಇಂತಿ,
ಸೋಮವಾರದವರೆಗಂತೂ ಕೆಲಸದಲ್ಲಿರುವ
ಕತ್ತರಿ ಅಕ್ಕ