ಕೇಳಿದಷ್ಟೂ ಬೆಲೆ ಇಳಿಸಿದರು, ಮಾವ

ನನ್ನ ಸೋದರಮಾವನಿಗೆ, ಶೈಲುವಿನ ಹೆದರಿದ ನಮಸ್ಕಾರ.

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಾವಿಬ್ಬರೂ ನಿಂತು ಹಂಚಿದ ಆ ಹಳದಿ ಕರಪತ್ರ ನಿಮಗೆ ನೆನಪಿರಬೇಕು. ಕಾರುಗಳಿಗಾಗಿ ರಸ್ತೆ ಅಗಲ ಮಾಡುವ ದುಡ್ಡಿನಲ್ಲಿ ಇನ್ನಷ್ಟು ಲೋಕಲ್ ಓಡಿಸಿ ಎಂದು ಬರೆದವಳು ನಾನು, ಅಚ್ಚು ಹಾಕಿಸಿದವರು ನೀವು. ಅದೇ ನಾನು, ಡಿಸೆಂಬರ್ ಕೊನೆಯ ವಾರ, ಮಾಜಿವಾಡಾದ ಒಂದು ಶೋರೂಮಿಗೆ ಹೊಸ ಕಾರು ಕೊಳ್ಳಲು ಹೋಗಿದ್ದೆ. ಅದೂ ನಿಮ್ಮ ಗ್ರಾಚ್ಯುಟಿ ದುಡ್ಡಿನಲ್ಲಿ. ಬೈಯುವುದಿದ್ದರೆ ಬೈಯಿರಿ. ಆದರೆ ಪೂರ್ತಿ ಓದಿದ ಮೇಲೆ.

ಮೂರು ತಿಂಗಳ ಹಿಂದೆ ಠಾಣೆ ಸ್ಟೇಷನ್ನಿನ ಮೆಟ್ಟಿಲ ಮೇಲೆ ಅತ್ತೆ ಕೂತುಬಿಟ್ಟರು. ನೀವು ತೀರಿಹೋದ ವರ್ಷದಲ್ಲೇ ಅವರ ಕಿಡ್ನಿ ಕೈಕೊಟ್ಟಿತು, ಈ ಸುದ್ದಿ ನಿಮಗೆ ಗೊತ್ತಿಲ್ಲ. ವಾರಕ್ಕೆ ಮೂರು ದಿನ ಡಯಾಲಿಸಿಸ್. ಜಾಗ ಸಿಕ್ಕಿದ್ದು ಐರೋಲಿಯಲ್ಲಿ. ಹೋಗುವಾಗ ಹೇಗೋ ಹೋಗುತ್ತಾರೆ. ಬರುವಾಗ ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ, ಡೊಂಬಿವಲಿಗೆ ಇನ್ನೊಂದು ರೈಲು. ಆ ದಿನ ಹತ್ತನೆಯ ಮೆಟ್ಟಿಲಿನಲ್ಲಿ ಕಾಲು ನಿಂತುಹೋಯಿತು. ಜನ ಅವರನ್ನು ಸುತ್ತಿಕೊಂಡು ಹತ್ತುತ್ತಲೇ ಇದ್ದರು. ಯಾರದೂ ತಪ್ಪಲ್ಲ, ಎಲ್ಲರಿಗೂ ರೈಲು ತಪ್ಪುತ್ತದೆ. ನಾನು ಅವರ ಪಕ್ಕದಲ್ಲಿ ಕೂತು ಯೋಚಿಸಿದೆ: ಇನ್ನಷ್ಟು ಲೋಕಲ್ ಬರುವವರೆಗೆ ಅತ್ತೆ ಈ ಮೆಟ್ಟಿಲ ಮೇಲೆ...?

ಕಾರು ಕೊಳ್ಳುವ ನಿರ್ಧಾರವನ್ನು ಅತ್ತೆ ಹೇಳಿದ ಸಂಜೆ ನಿಮ್ಮ ಮಗ ಪ್ರಶಾಂತ ಕುಣಿದಾಡಿದ. ಅವನಿಗೆ ಡ್ರೈವಿಂಗ್ ಬರುತ್ತದೆ, ಕಾರು ಅವನ ಹೆಸರಿನಲ್ಲೇ ಎಂದಾಯಿತು. ಚೌಕಾಸಿ ಮಾತ್ರ ನನ್ನ ತಲೆಗೆ ಬಿತ್ತು. "ಮಾತಾಡುದು ಶೈಲು. ಅವಳಿಗೆ ಬಾಯಿ ಉಂಟು," ಎಂದರು ಅತ್ತೆ. ನಿಮ್ಮ ಮಂಚದ ಕೆಳಗಿನ ಡಬ್ಬಿಯಲ್ಲಿದ್ದ ಕರಪತ್ರಗಳನ್ನು ಓದಿದ ಹಾಗೆಯೇ ನಾನು ಕಾರು ಕಂಪನಿಗಳ ಹಾಳೆಗಳನ್ನು ಓದಿದೆ, ಸಣ್ಣ ಅಕ್ಷರದಲ್ಲಿರುವುದನ್ನು ಮೊದಲು. ಶೋರೂಮಿನವರು ಸೇರಿಸುವ ಹ್ಯಾಂಡ್ಲಿಂಗ್ ಚಾರ್ಜ್ ಕೊಡಬೇಕಾಗಿಲ್ಲ, ಇನ್ಶೂರೆನ್ಸ್ ಅವರಲ್ಲೇ ಮಾಡಿಸಬೇಕೆಂದಿಲ್ಲ, ಮ್ಯಾಟು, ಕವರು ಬೇಡ ಎನ್ನಬಹುದು. ಎಲ್ಲ ಬಾಯಿಪಾಠ. ಆದರೂ ಹೆದರಿಕೆಯಿತ್ತು. ಫ್ಯಾಕ್ಟರಿ ಗೇಟಿನೆದುರಿನ ಯೂನಿಯನ್ ಸಭೆಯಲ್ಲಿ ನಾನು ಮೊದಲ ಸಲ ಮಾತಾಡಿದಾಗ ನೀವು ಹಿಂದೆ ನಿಂತು ಬೆನ್ನಿಗೆ ಅಂಗೈ ಒತ್ತಿ ಹಿಡಿದಿದ್ದಿರಿ. ಕೂಗುವವನ ಎದುರು ನಾನು ಕೂಗಬಲ್ಲೆ ಮಾವ. ಕುರ್ಚಿ ಎಳೆದುಕೊಟ್ಟು, ನೀರು ಕೊಟ್ಟು, ಮ್ಯಾಡಮ್ ಎನ್ನುವವನ ಎದುರು ಏನು ಮಾಡಬೇಕೆಂದು ನೀವು ಹೇಳಿಕೊಟ್ಟಿಲ್ಲ.

ಸಾಳ್ವಿ ಎಂಬ ಸೇಲ್ಸ್‌ನವರು ಅದನ್ನೆಲ್ಲ ಮಾಡಿದರು. ಅತ್ತೆಗೆ "ಮಾವಶಿ, ಚಹಾ ಘ್ಯಾ" ಎಂದು ಕಪ್ಪು ಇಟ್ಟರು. ಡಾಕ್ಟರು ನೀರನ್ನೇ ಅಳೆದು ಕುಡಿಯಲು ಹೇಳಿರುವುದು ಅವರಿಗೇನು ಗೊತ್ತು? ನಾನು ಪಟ್ಟಿ ತೆಗೆದು ಒಂದೊಂದೇ ಹೊಡೆದುಹಾಕಲು ಶುರುಮಾಡಿದೆ. ಅವರು ಪ್ರತಿ ಸಲ ಎದೆಯ ಮೇಲೆ ಕೈಯಿಟ್ಟು ಮ್ಯಾನೇಜರ್ ಕ್ಯಾಬಿನ್ನಿಗೆ ಹೋಗಿ ಬರುತ್ತಿದ್ದರು. ಅವರು ಎದ್ದು ಹೋದಾಗಲೆಲ್ಲ ನಮ್ಮ ಸಭೆ ನಡೆಯುತ್ತಿತ್ತು.

"ಹದಿನೈದು ದಿನದೊಳಗೆ ಬೇಕು ಅಂತ ಹೇಳ್ಬೇಡ ಮಾರಾಯ್ತಿ. ಗೊತ್ತಾದ್ರೆ ಕುತ್ತಿಗೆ ಹಿಡೀತಾನೆ," ಎಂದರು ಅತ್ತೆ.

"ಮಮ್ಮಿ, ಧೀರೇ ಬೋಲ್," ಎಂದ ಪ್ರಶಾಂತ.

"ಇಲ್ಲಿ ಕನ್ನಡ ಯಾರಿಗೆ ಬರ್ತದೆ? ಶೈಲು, ಬಣ್ಣ ಯಾವುದಾದ್ರೂ ಸೈ ಅನ್ನು. ಡಯಾಲಿಸಿಸ್‌ಗೆ ಹೋಗುವವಳಿಗೆ ಎಂತ ಬಣ್ಣ?"

ಸಾಳ್ವಿ ನಾಲ್ಕನೇ ಸಲ ಕ್ಯಾಬಿನ್ನಿನಿಂದ ಬಂದಾಗ ನಗುತ್ತಿದ್ದರು. "ಮ್ಯಾಡಮ್, ಆಪ್ ತೋ ವಕೀಲ್ ನಿಕ್ಲೀ!" ನಾನು ಕೇಳಿದ್ದೆಲ್ಲ ಸಿಕ್ಕಿತ್ತು. ಅದರ ಮೇಲೆ ಇನ್ನೂ ನಲವತ್ತು ಸಾವಿರ ಬಿಟ್ಟಿದ್ದರು. ಒಂದೇ ಷರತ್ತು, ಯಾರ್ಡಿನಲ್ಲಿ ತಯಾರಿರುವ ಬಿಳಿ ಗಾಡಿಯನ್ನೇ ತೆಗೆದುಕೊಳ್ಳಬೇಕು. ವರ್ಷದ ಕೊನೆ, ಸ್ಟಾಕ್ ಖಾಲಿ ಮಾಡುತ್ತಾರೆ ಎಂದು ನಾನೇ ಕಾರಣ ಹುಡುಕಿಕೊಂಡೆ. ಗೆದ್ದೆ ಎಂದುಕೊಂಡೆ ಮಾವ. ಇಷ್ಟು ಸುಲಭವಾಗಿ ನಾವು ಯಾವಾಗ ಗೆದ್ದಿದ್ದೇವೆ ಎಂದು ಒಮ್ಮೆಯಾದರೂ ಕೇಳಿಕೊಳ್ಳಬೇಕಿತ್ತಲ್ಲವೇ? ಅತ್ತೆ ಸೋಫಾದಲ್ಲಿ ಕಣ್ಣುಮುಚ್ಚಿ ಒರಗಿದರು. ಬುಕ್ಕಿಂಗ್ ದುಡ್ಡು ಕಟ್ಟಿ ನಾನು, ಪ್ರಶಾಂತ ಗಾಡಿಯ ಕಾಗದಗಳನ್ನೂ ಮಾಡಿಕೊಡುವ ಇನ್ಶೂರೆನ್ಸ್ ಮೇಜಿಗೆ ಹೋದೆವು.

ಆ ಮೇಜಿನಲ್ಲಿ ನಡುವಯಸ್ಸಿನ ಹೆಂಗಸೊಬ್ಬರಿದ್ದರು. ಇಡೀ ಹೊತ್ತು ನಮ್ಮ ಬೆನ್ನ ಹಿಂದೆಯೇ ಕೂತಿದ್ದವರು. ಫಾರ್ಮಿನ ಮೇಲೆ ಬೆರಳಿಟ್ಟು, ತಲೆ ಎತ್ತದೆ, ಕಲಬುರಗಿ ಕಡೆಯ ಕನ್ನಡದಲ್ಲಿ ಹೇಳಿದರು: "ನನ್ನ ಮಾರಿ ನೋಡಬ್ಯಾಡ್ರಿ. ಸಹಿ ಮಾಡೋರ ಹಂಗ ಕೂಡ್ರಿ. ಈ ಗಾಡಿ ತಗೋಬ್ಯಾಡ್ರಿ."

ನಾನು ಪೆನ್ನು ತೆಗೆದು ಫಾರ್ಮಿನ ಮೇಲೆ ಬಗ್ಗಿದೆ.

"ಮಳಿಗಾಲದಾಗ ಯಾರ್ಡಿನ್ಯಾಗ ನೀರು ಹೊಕ್ಕಿತ್ತು. ಸೀಟಿನ ಮಟ ನಿಂತಿತ್ತು. ತೊಳದು ಒಣಗಿಸಿ ಇಟ್ಟಾರ. ಅಂಥಾ ಗಾಡಿಗಳ ಪಟ್ಟಿ ಟೈಪ್ ಮಾಡಿದಾಕಿ ನಾನ. ಸೀಟ್‌ಬೆಲ್ಟ್ ತುದೀ ತನಕ ಎಳದು ನೋಡ್ರಿ, ಅದನ್ನ ಯಾರೂ ತೊಳಿಯಂಗಿಲ್ಲ. ಅಮ್ಮಾರ ಡಯಾಲಿಸಿಸ್ ಮಾತು ಕಿವಿಗೆ ಬಿತ್ತು, ಅದಕ್ಕ ಹೇಳೀನಿ. ನನ್ನ ಹೆಸರು ಎಲ್ಲೂ ಬರಬಾರದ್ರಿ. ಎರಡು ಹೆಣ್ಣುಮಕ್ಕಳು ಅದಾವ ನನಗ." ಆಮೇಲೆ ಜೋರಾಗಿ, ಮರಾಠಿಯಲ್ಲಿ, "ಆಧಾರ್ ಝೆರಾಕ್ಸ್ ಎಲ್ಲಿ?" ಎಂದರು.

ಮೂರು ವರ್ಷದ ಹಿಂದಿನ ನಾನಾಗಿದ್ದರೆ ಅಲ್ಲೇ ಕುರ್ಚಿಯ ಮೇಲೆ ಹತ್ತಿ ನಿಂತು ಇಡೀ ಶೋರೂಮಿಗೆ ಕೇಳುವಂತೆ ಕೂಗುತ್ತಿದ್ದೆ. ಆದರೆ ಕಣ್ಣಮುಂದೆ ಬಂದದ್ದು ಕಲ್ಯಾಣದ ಆ ಒಂದು ಕೋಣೆ. ನೀವು ಕೆಲಸ ಮಾಡುತ್ತಿದ್ದ ಬಣ್ಣದ ಫ್ಯಾಕ್ಟರಿಯಲ್ಲಿ ಡ್ರಮ್ಮು ಎತ್ತುವವರಿಗೆ ಕೈಗವಸು ಬರೀ ಕಾಗದದಲ್ಲಿ ಬಂದಿದೆ ಎಂದು ನಾನು ಕರಪತ್ರ ಬರೆದಿದ್ದೆ. "ಸ್ಟೋರಿನಲ್ಲಿ ಕೆಲಸ ಮಾಡುವವರೊಬ್ಬರು ಹೇಳುವಂತೆ" ಎಂದೂ ಸೇರಿಸಿದ್ದೆ. ಸ್ಟೋರಿನಲ್ಲಿ ಇದ್ದದ್ದೇ ಒಬ್ಬರು. ಮರುದಿನವೇ ಅವರನ್ನು ಹೊರಗೆ ಹಾಕಿದರು. ನೀವು ನನ್ನನ್ನು ಅವರ ಕೋಣೆಗೆ ಕರೆದುಕೊಂಡು ಹೋದಿರಿ. ಅವರ ಹೆಂಡತಿ ನಮಗೆ ಚಹಾ ಕೊಟ್ಟರು, ಅದನ್ನು ಕುಡಿಯುವುದು ಹೇಗೆಂದು ತಿಳಿಯದೆ ನಾನು... ವಾಪಸು ಬರುವಾಗ ರೈಲಿನಲ್ಲಿ ನೀವು ಹೇಳಿದ್ದು ಇಷ್ಟೇ: "ನೀನು ಬರೆದದ್ದರಲ್ಲಿ ಸುಳ್ಳಿಲ್ಲ ಶೈಲು. ಯಾರ ಬಾಯಿಂದ ಬಂತು ಅಂತ ಯಾಕೆ ಬರೆದೆ?"

ಸಾಳ್ವಿ ಉಳಿದ ದುಡ್ಡಿನ ಚೆಕ್ಕಿಗೆ ಕೈ ಚಾಚಿದಾಗ ನಾನು ಹೇಳಿದೆ, ಗಾಡಿ ನೋಡದೆ ಕೊಡುವುದಿಲ್ಲ ಎಂದು. ಇಷ್ಟು ಇಳಿಸಿದ ಮೇಲೂ ನಂಬಿಕೆ ಇಲ್ಲವೇ ಎಂದು ಅವರು ಮುಖ ಸಣ್ಣದು ಮಾಡಿದರು. ಯಾರ್ಡ್ ದೂರ, ಕಲ್ಯಾಣ-ಶೀಳ್ ರಸ್ತೆಯಲ್ಲಿ ಎಂದರು. ನಮ್ಮ ಮನೆಯ ದಾರಿಯೇ ಎಂದೆ. ಕೊನೆಗೆ ಅವರೇ ತಮ್ಮ ಡೆಮೊ ಕಾರಿನಲ್ಲಿ ನಮ್ಮನ್ನು ಕೂರಿಸಿಕೊಂಡು ಹೊರಟರು. ಒಂದು ಗಂಟೆಯ ದಾರಿ. ಅತ್ತೆಗೆ ಏನೂ ಗೊತ್ತಿಲ್ಲ, ಹೇಳುವ ಹಾಗೂ ಇಲ್ಲ. ಹುಟ್ಟಿದಾಗಿನಿಂದ ಈ ಊರಿನಲ್ಲಿ ಕನ್ನಡವನ್ನು ನಾವು ಬಾಗಿಲು ಹಾಕಿದ ಕೋಣೆಯ ಹಾಗೆ ಬಳಸಿದ್ದೇವೆ. ಆ ದಿನ ಮೊದಲ ಸಲ ಆ ಬಾಗಿಲಿಗೆ ಚಿಲಕವೇ ಇಲ್ಲ ಎನ್ನಿಸಿತು. ಈ ಸಾಳ್ವಿಗೂ ಬರುತ್ತಿದ್ದರೆ? ದಾರಿಯುದ್ದಕ್ಕೂ ನಾನು ಅವರ ಕಿವಿಯನ್ನೇ ನೋಡುತ್ತ ಕೂತಿದ್ದೆ.

ಯಾರ್ಡಿನಲ್ಲಿ ಬಿಳಿ ಗಾಡಿಯ ಬಾಗಿಲು ತೆಗೆದ ಕೂಡಲೇ ಸೆಂಟಿನ ವಾಸನೆ ಮೂಗಿಗೆ ಹೊಡೆಯಿತು. ನೇರವಾಗಿ ಬೆಲ್ಟಿಗೆ ಕೈ ಹಾಕಿದರೆ ಸಿಕ್ಕಿಬೀಳುತ್ತೇನೆ ಎಂದು ಮೊದಲು ಹಾರ್ನ್ ಹೊಡೆದೆ. ಬಾನೆಟ್ ತೆಗೆಸಿ, ಏನೂ ತಿಳಿಯದಿದ್ದರೂ ತಲೆ ಆಡಿಸಿದೆ. ಟೈರಿಗೆ ಒದ್ದೆ. ಆಮೇಲೆ ಹಿಂದಿನ ಸೀಟಿನಲ್ಲಿ, ಅತ್ತೆ ಕೂರಬೇಕಾದ ಕಡೆ ಕೂತು ಬೆಲ್ಟ್ ಎಳೆದೆ. ಒಂದು ಮೊಳ ಬಂತು, ಕಪ್ಪಗೆ, ಹೊಸದು. ಎರಡು ಮೊಳ. ಕೊನೆಗೆ ಇನ್ನು ಬರುವುದಿಲ್ಲ ಎನ್ನುವಲ್ಲಿ, ಕಂದು ಬಣ್ಣದ ಒಂದು ಗೆರೆ. ಉಗುರಿನಿಂದ ಕೆರೆದರೆ ಒಣ ಕೆಸರು ಉದುರಿತು. ಗಾಡಿ ಶೀಳ್‌ಫಾಟಾದ ಲಾರಿಗಳ ನಡುವೆ ನಿಂತುಹೋಗುವುದು, ಹಿಂದೆ ಅತ್ತೆ ಅರ್ಧ ಪ್ರಜ್ಞೆಯಲ್ಲಿ... ಎಲ್ಲ ಕಣ್ಣಿಗೆ ಕಟ್ಟಿತು.

ಕನ್ನಡವೇ ಆಡದ ನಿಮ್ಮ ಮಗ ಅವತ್ತು, ಆ ಹೊತ್ತಿಗೆ, ಕನ್ನಡ ಆಡಿದ. "ಅಯ್ಯೋ ಶೈಲಕ್ಕ, ಆ ಆಂಟಿ ಹೇಳಿದ್ದು..." ನಾನು ಅವನ ಕಾಲು ತುಳಿದೆ. ತಡವಾಗಿತ್ತು. ಆಂಟಿ ಎಂಬುದು ಯಾರಿಗೆ ಅರ್ಥವಾಗುವುದಿಲ್ಲ?

ಸಾಳ್ವಿಯ ನಗು ಹೋಯಿತು. "ಕೌನ್ ಆಂಟಿ?"

ಮತ್ತೆ ಅದೇ ತಪ್ಪು, ಮತ್ತೆ ಯಾರದೋ ಮನೆ. ಆಗ ಹಿಂದಿನಿಂದ ಅತ್ತೆಯ ಅರೆಬರೆ ಹೋಟೆಲ್ ಹಿಂದಿ ಕೇಳಿತು: "ಮೈ ಹೀ ಆಂಟಿ. ಔರ್ ಕೌನ್? ಇಧರ್ ದೂಸ್ರಾ ಆಂಟಿ ದಿಖ್ತಾ ಹೈ ಕ್ಯಾ?"

"ಆಪ್ಕೋ ಕಿಸ್ನೇ ಬತಾಯಾ, ಮಾವಶಿ?"

"ಹಮಾರಾ ಆದ್ಮಿ. ಬೆಲ್ಟ್ ಖೀಂಚ್ ಕೇ ದೇಖೋ ಬೋಲಾ. ಫ್ಯಾಕ್ಟರಿ ಮೇ ಥಾ ನಾ, ಉಸ್ಕೋ ಸಬ್ ಮಾಲೂಮ್." ಬೆಲ್ಟ್ ಎಳೆದು ನೋಡಿ ಎಂದು ಹೇಳಿದ್ದು ನೀವಂತೆ, ಮಾವ!

ಸಾಳ್ವಿ ಅತ್ತೆಯ ಹಣೆ ನೋಡಿದರು. ನೀವು ಹೋದ ಮೇಲೂ ಅತ್ತೆ ಕುಂಕುಮ ಬಿಟ್ಟಿಲ್ಲ, ನೆಂಟರು ಎಷ್ಟು ಗೊಣಗಿದರೂ. "ಕಾಕಾ ಕಿಧರ್ ಹೈ?"

"ಘರ್ ಪೇ. ಗುಸ್ಸಾ ಬಹುತ್ ಹೈ ಉಸ್ಕೋ. ಬುಲಾವೂಂ?"

ಕರೆಯುವುದು ಬೇಡ ಎಂದರು ಸಾಳ್ವಿ. ನಾನು ಬೆಲ್ಟಿನ, ಚಾಸಿ ನಂಬರಿನ ಫೋಟೋ ತೆಗೆದೆ.

ವಾಪಸು ಬರುವಾಗ ರಿಕ್ಷಾದಲ್ಲಿ ನಾನು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ. ನಿಮಗೆ ಹೇಗೆ ಗೊತ್ತಾಯಿತು ಎಂದು ಅತ್ತೆಯನ್ನು ಕೇಳಿದೆ. "ಎಂತ ಗೊತ್ತು? ನಿನ್ನ ಮೋರೆ ಕಂಡೆ. ಯಾರೋ ಪಾಪದವರು ಹೇಳಿರ್ಬೇಕು ಅನ್ನಿಸ್ತು," ಎಂದರು. ಸ್ವಲ್ಪ ದೂರ ಹೋದ ಮೇಲೆ, "ನಿನ್ನ ಮಾವನ ಹೆಸರು ಹೇಳಿದ್ರೆ ಎಂತ ಹೋಗ್ತದೆ? ಇವರನ್ನು ಕೆಲಸದಿಂದ ತೆಗೆಯುವವರು ಯಾರುಂಟು?" ಎಂದರು.

ಮರುದಿನ ಕಾರು ಕಂಪನಿಗೆ ದೂರು ಬರೆಯಲು ಕೂತೆ. ಆ ಗಾಡಿ ಇನ್ನೊಬ್ಬರ ಮನೆಗೆ ಹೋಗಬಾರದು. ಒಂದೊಂದು ವಾಕ್ಯ ಬರೆದಾಗಲೂ ಇದರಲ್ಲಿ ಯಾರ ಬಾಯಿ ಕಾಣುತ್ತದೆ ಎಂದು ನೋಡಿದೆ. "ಮಳೆಗಾಲದಲ್ಲಿ ನೀರು ನಿಂತಿತ್ತು" ಎಂದು ಬರೆದು ಹೊಡೆದುಹಾಕಿದೆ. ನಾನು ಕಂಡದ್ದು ಕೆಸರಿನ ಗೆರೆ ಮಾತ್ರ. ಅದು ಹೇಗೆ ಬಂತು ಎಂದು ಕೇಳಿದೆ, ಅಷ್ಟೇ. ಕೆಳಗೆ ನನ್ನ ಪೂರ್ತಿ ಹೆಸರು, ವಿಳಾಸ. ಫೋಟೋ ಕಂಡ ಮೇಲೆ ಬುಕ್ಕಿಂಗ್ ದುಡ್ಡು ವಾಪಸು ಬಂತು. ಕಾರನ್ನು ಕಲ್ಯಾಣದಲ್ಲಿ ಬೇರೆ ಕಡೆ ಕೊಂಡೆವು. ಹ್ಯಾಂಡ್ಲಿಂಗ್ ಚಾರ್ಜ್ ಒಂದು ಬಿಡಿಸಿದೆ. ಉಳಿದದ್ದಕ್ಕೆ ಅವರು ಜಗ್ಗಲಿಲ್ಲ, ಅದರಿಂದಲೇ ಸ್ವಲ್ಪ ಧೈರ್ಯ ಬಂತು. ಐದೂ ಬೆಲ್ಟ್ ತುದಿಯವರೆಗೆ ಎಳೆದು ನೋಡಿದ್ದೇನೆ. ಅತ್ತೆ ಈಗ ಐರೋಲಿಯಿಂದ ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುತ್ತಾರೆ.

ಆದರೆ ನನ್ನ ಹೆದರಿಕೆ ಹೋಗಿಲ್ಲ. ಕೆಲಸವಿಲ್ಲದಿದ್ದರೂ ಬಸ್ಸಿನಲ್ಲಿ ಮಾಜಿವಾಡಾ ಹಾದು ಹೋಗುತ್ತೇನೆ, ಗಾಜಿನೊಳಗೆ ಆ ಮೇಜು ಕಾಣುತ್ತದೆ. ಒಂದು ದಿನ ಕುರ್ಚಿ ಖಾಲಿ ಇತ್ತು. ಮರುದಿನವೂ ಖಾಲಿ. ಯಾರನ್ನು ಕೇಳಲಿ? ಕೇಳಿದರೆ ಅದೇ ಸುಳಿವು. ಆ ಎರಡು ದಿನ ನನಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಅವರು ಅಲ್ಲಿದ್ದರು, ತಲೆ ತಗ್ಗಿಸಿ ಏನೋ ಬರೆಯುತ್ತಿದ್ದರು.

ನಿನ್ನೆ ಮಧ್ಯಾಹ್ನ ಶೋರೂಮಿನ ಮ್ಯಾನೇಜರ್ ಅತ್ತೆಗೆ ಫೋನ್ ಮಾಡಿದರು. ಗಾಡಿಯ ವಿಷಯ ಅಷ್ಟು ಚೆನ್ನಾಗಿ ತಿಳಿದ ಕಾಕಾ ಜೊತೆ ಸ್ವಲ್ಪ ಮಾತಾಡಬೇಕಂತೆ. ಅವರಿಗೆ ಅನುಮಾನ ಬಂದಿದೆ ಮಾವ, ನೀವಿಲ್ಲವೆಂದು ತಿಳಿದರೆ ಒಳಗಿನವರನ್ನು ಹುಡುಕುತ್ತಾರೆ. ಅತ್ತೆ ಒಂದು ಕ್ಷಣವೂ ತಡವರಿಸದೆ, ಸ್ನಾನಕ್ಕೆ ಹೋಗಿದ್ದಾರೆ ಎಂದರು. ಇವತ್ತು ಮತ್ತೆ ಬಂತು. ಊರಿಗೆ ಹೋಗಿದ್ದಾರೆ, ಅಲ್ಲಿ ರೇಂಜ್ ಸಿಗುದಿಲ್ಲ ಎಂದರು. ಫೋನ್ ಇಟ್ಟು ನನ್ನ ಕಡೆ ತಿರುಗಿ, "ನಾಳೆ ಎಂತ ಹೇಳುದು?" ಎಂದು ಕೇಳಿದರು.

ನಾಳೆಗೆ ಏನಾದರೂ ಹುಡುಕುತ್ತೇನೆ. ನಾಡಿದ್ದಿಗೂ ಹುಡುಕುತ್ತೇನೆ, ಮಾತು ಕೊಡುತ್ತೇನೆ. ಅವರು ಕೇಳುವುದನ್ನು ನಿಲ್ಲಿಸುವವರೆಗೆ ನೀವು ಬದುಕಿರಬೇಕು ಮಾವ.

ನಿಮ್ಮ,
ಶೈಲು