ಕಾಫಿ ಕುಡಿದು ಹೋದವರು ನನ್ನ ಮಗನನ್ನು ಯಾವ ಊರಿಗೆ ಒಯ್ದರು?

ನಮ್ಮ ರಾಜ್ಯದ ಪೊಲೀಸ್ ವ್ಯವಸ್ಥೆಯ ಮೇಲಿನ ಕುರ್ಚಿಯಲ್ಲಿರುವ ಮಾನ್ಯರೇ,

ನನ್ನ ಮಗ ಪ್ರೇಮ್‌ಕುಮಾರ್, ವಯಸ್ಸು ಇಪ್ಪತ್ತೇಳು, ಒಂಬತ್ತು ದಿನಗಳಿಂದ ಎಲ್ಲಿದ್ದಾನೆಂದು ನನಗೆ ಗೊತ್ತಿಲ್ಲ. ಅವನು ಕಳೆದುಹೋಗಿಲ್ಲ, ಮನೆ ಬಿಟ್ಟು ಓಡಿಹೋಗಿಲ್ಲ. ಲಿಂಗರಾಜಪುರದ ನಮ್ಮ ಮನೆಯ ನಡುಮನೆಯಿಂದ, ನನ್ನ ಕಣ್ಣೆದುರೇ, ಬೇರೆ ರಾಜ್ಯದ ಪೊಲೀಸರು ಅವನನ್ನು ಕರೆದೊಯ್ದರು. ಇದು ಎಲ್ಲರೂ ಓದುವ ಪತ್ರ, ಆ ರಾಜ್ಯದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಅಲ್ಲಿಂದ ಇನ್ನೊಂದು ತಂಡ ನನ್ನನ್ನು ಹುಡುಕಿಕೊಂಡು ಹೊರಟೀತು. ನಿಮ್ಮ ಕಚೇರಿಗೆ ಮೂರು ಸಲ ಕಳಿಸಿದ ದೂರಿನಲ್ಲಿ ಅದು ಇದೆ. ಮೂರಕ್ಕೂ ಸ್ವೀಕೃತಿಯ ಮೊಹರು ಸಿಕ್ಕಿದೆ, ಉತ್ತರ ಸಿಕ್ಕಿಲ್ಲ.

ನಡೆದದ್ದನ್ನು ಹೇಳುತ್ತೇನೆ. ನನ್ನ ತಪ್ಪನ್ನೂ ಸೇರಿಸಿಯೇ ಹೇಳುತ್ತೇನೆ.

ಅವತ್ತು ಭಾನುವಾರ. ಮಗಳನ್ನು ನೋಡಲು ಹೊಸೂರು ಕಡೆಯಿಂದ ಗಂಡಿನವರು ಬರುವುದಿತ್ತು. ಈ ಸಂಬಂಧ ತಂದ ನಮ್ಮ ಯಂಕಮ್ಮ ಮೊದಲೇ ಹೇಳಿದ್ದಳು: 'ಮೊದ್ಲು ನಾಲ್ಕು ಜನ ಗಂಡಸರು ಬಂದು ಮನೆ ನೋಡ್ಕೊಂಡು ಹೋಗ್ತಾರೆ ಅಕ್ಕ, ಹೆಂಗಸರು ಆಮೇಲೆ.' ನಮ್ಮ ಕಡೆ ನಡೆದುಬಂದ ಪದ್ಧತಿ ಅದು. ಹತ್ತೂವರೆಗೆ ಬಾಗಿಲು ತಟ್ಟಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟ ನಾಲ್ಕು ಜನ ಗಂಡಸರು. ಒಬ್ಬರು ಇಂಗ್ಲಿಷಿನಲ್ಲಿ 'ಪ್ರೇಮ್‌ಕುಮಾರ್ ಮನೆಯೇ?' ಎಂದರು. ಹೆಣ್ಣಿನ ಅಣ್ಣನ ಹೆಸರು ಹಿಡಿದು ಕೇಳುತ್ತಿದ್ದಾರೆ, ಎಷ್ಟು ಕ್ರಮ ಬಲ್ಲವರು ಎಂದುಕೊಂಡೆ. ಹೊಸೂರಿನವರು ಇಂಗ್ಲಿಷಿನಲ್ಲಿ ಯಾಕೆ ಮಾತಾಡುತ್ತಾರೆ ಎಂದು ನೀವು ಕೇಳಬಹುದು. ಹುಡುಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ, ಅವನ ಆಫೀಸಿನವರಿರಬೇಕೆಂದು ಆ ಪ್ರಶ್ನೆಗೂ ನಾನೇ ಉತ್ತರ ಹೇಳಿಕೊಂಡೆ. ಮನೆಗೆ ಬಂದ ಬೀಗರನ್ನು 'ನೀವು ಯಾರು?' ಎಂದು ಯಾವ ತಾಯಿ ಕೇಳುತ್ತಾಳೆ? ಕಾಫಿ ಆಗುವವರೆಗೆ ನಾವು ಊರಿನ ಹೆಸರನ್ನೂ ಕೇಳುವವರಲ್ಲ.

ಉಪ್ಪಿಟ್ಟು, ಕೇಸರಿಬಾತು ಕೊಟ್ಟೆ. ತಿಂದರು. ಒಬ್ಬರು ಕೇಸರಿಬಾತನ್ನು ಎರಡನೇ ಸಲ ಹಾಕಿಸಿಕೊಂಡರು. ಮಗಳು ಕಾಫಿ ತಂದಿಟ್ಟಳು. ಅವರು ಅವಳ ಮುಖ ನೋಡಲಿಲ್ಲ, ಗೋಡೆಯ ಮೇಲಿದ್ದ ಮಗನ ಫೋಟೋ ನೋಡಿದರು. ಆಮೇಲೆ 'ಅವರನ್ನು ಕರೆಸಿ' ಎಂದರು. ದೊಡ್ಡನೆಕ್ಕುಂದಿಯಲ್ಲಿ ಅವನದೊಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇದೆ, ಭಾನುವಾರವೇ ಅಲ್ಲಿ ಗಿರಾಕಿ ಹೆಚ್ಚು. ನಾನೇ ಫೋನು ಮಾಡಿದೆ. 'ಬೇಗ ಬಾರೋ, ಬಂದೋರು ನಿನ್ನನ್ನೇ ಕೇಳ್ತಿದಾರೆ' ಎಂದೆ. 'ಶಟರ್ ಎಳೆದು ಬರ್ತೀನಮ್ಮ, ಸ್ವೀಟ್ ಏನಾದ್ರೂ ತರ್ಲಾ?' ಎಂದ.

ಮುಕ್ಕಾಲು ಗಂಟೆಯೊಳಗೆ ಮೈಸೂರು ಪಾಕಿನ ಡಬ್ಬಿ ಹಿಡಿದು ಬಂದ. 'ನಮಸ್ಕಾರ ಸಾರ್' ಎಂದು ಕೈ ಕೊಟ್ಟ. ಕೈ ಹಿಡಿದವರು ಬಿಡಲಿಲ್ಲ. ಗಂಡಿನ ಕಡೆಯವರಿಗೆ ನನ್ನ ಮಗನ ಮೇಲೆ ಎಷ್ಟು ವಿಶ್ವಾಸ ಎಂದು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಅವನ ಮುಖ ಬದಲಾದಾಗಲೇ ನನಗೆ ತಿಳಿದದ್ದು. ಒಬ್ಬರು ಕಾರ್ಡೊಂದನ್ನು ತೆಗೆದು, ನನಗೆ ಕನ್ನಡಕ ಸಿಗುವಷ್ಟರಲ್ಲಿ ಜೇಬಿಗಿಟ್ಟುಕೊಂಡರು. ಆ ರಾಜ್ಯದ ಪೊಲೀಸರಂತೆ, ಠಾಣೆಯ ಹೆಸರು ಹೇಳಲಿಲ್ಲ. ಯಾವುದೋ ಫೋನಿನ ವಿಚಾರವಂತೆ. ಎರಡು ಪ್ರಶ್ನೆ ಕೇಳಿ ಸಂಜೆಗೆ ಬಿಡುತ್ತಾರಂತೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ನಮ್ಮದು ತಾರಸಿ ಮನೆ, ಎಣಿಸಲು ಜಂತೆಯಿಲ್ಲ. ಅವರು ಮಗನನ್ನೇ ಎತ್ತಿಕೊಂಡು ಹೋದರು.

ನಿಜವಾದ ಬೀಗರು ಹನ್ನೆರಡು ಗಂಟೆಗೆ ಬಂದರು. ಮಗಳು ಅಳುತ್ತಿದ್ದಳು, ಉಪ್ಪಿಟ್ಟು ಖಾಲಿಯಾಗಿತ್ತು. ಅವರು ಸಂಕಟದಿಂದಲೇ ನೀರು ಕುಡಿದು 'ತಿಳಿಸ್ತೀವಿ' ಎಂದು ಹೊರಟರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಅದರ ಲೆಕ್ಕವನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಸಂಜೆ ಕಳೆದರೂ ಮಗ ಬರಲಿಲ್ಲ. ಠಾಣೆಗೆ ಹೋದೆ. ನಾನು ಸರ್ಕಾರಿ ಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಕನ್ನಡ ಕಲಿಸಿದವಳು. ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಅಂಜನಮೂರ್ತಿ ನನ್ನ ಶಿಷ್ಯ. ಎದ್ದು ನಿಂತ, ಕುರ್ಚಿ ಕೊಟ್ಟ.

'ಮಿಸ್, ನಮ್ಗೆ ಇಂಟಿಮೇಷನ್ನೇ ಇಲ್ಲ. ಯಾರೂ ಬಂದಿಲ್ಲ, ಡೈರೀಲೂ ಎಂಟ್ರಿ ಇಲ್ಲ. ಒಂದು ಮಿಸ್ಸಿಂಗ್ ಕಂಪ್ಲೇಂಟ್ ಬರ್ದುಕೊಡಿ.'

'ಕಣ್ಮುಂದೆ ಕರ್ಕೊಂಡು ಹೋದ್ರಪ್ಪ. ಮಿಸ್ಸಿಂಗ್ ಹೇಗಾಗತ್ತೆ? ಅಪಹರಣ ಅಂತ ಬರೀಲಾ?'

'ಪೊಲೀಸ್ರು ಕರ್ಕೊಂಡು ಹೋದ್ರೆ ಅಪಹರಣ ಅಂತ ಬರ್ಯಕ್ಕಾಗಲ್ಲ ಮಿಸ್.'

'ಹಾಗಾದ್ರೆ ಅರೆಸ್ಟು ಅನ್ನು.'

'ಅರೆಸ್ಟ್ ಅನ್ನಕ್ಕೆ ಪೇಪರ್ ಇಲ್ವಲ್ಲ ಮಿಸ್' ಎಂದು ತಲೆ ತಗ್ಗಿಸಿದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಆ ಗಾದೆಯನ್ನು ಅವನಿಗೆ ಕಲಿಸಿದವಳು ನಾನೇ.

ಆದರೂ ಅವನು ಶಿಷ್ಯನ ಋಣ ತೀರಿಸಿದ. ತನ್ನ ರಜೆಯ ದಿನ ಬೀದಿಯ ಕ್ಯಾಮೆರಾಗಳನ್ನು ನೋಡಿ ಅವರು ಬಂದಿದ್ದ ಬಾಡಿಗೆ ಕಾರಿನ ಚಾಲಕನನ್ನು ಪತ್ತೆಹಚ್ಚಿದ. ಐವರನ್ನೂ ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ಇಳಿಸಿದೆ ಎಂದನಂತೆ ಚಾಲಕ. 'ಹುಡುಗ ಅಮ್ಮಂಗೆ ಒಂದು ಫೋನ್ ಮಾಡ್ತೀನಿ ಅಂತ ಕೇಳ್ತಾನೇ ಇದ್ದ' ಎಂದೂ ಹೇಳಿದನಂತೆ. ನನ್ನ ಮಗನ ಬಗ್ಗೆ ನನಗೆ ಸಿಕ್ಕ ಕೊನೆಯ ಸುದ್ದಿ ಅದು. ಆ ರಾಜ್ಯದ ಯಾವ ಠಾಣೆಯ ನಂಬರಿಗೆ ಕರೆ ಮಾಡಿದರೂ 'ಆ ಹೆಸರಿನವರು ಇಲ್ಲಿಲ್ಲ' ಎನ್ನುತ್ತಾರೆ. ಅಂಥ ಠಾಣೆಗಳು ಅಲ್ಲಿ ಎಷ್ಟಿವೆಯೋ, ನಾನು ನಲವತ್ತೊಂದಕ್ಕೆ ಮಾಡಿದ್ದೇನೆ.

ಮಾನ್ಯರೇ, ಅಪರಾಧಿಯನ್ನು ದೇಶದ ಯಾವ ಮೂಲೆಗಾದರೂ ಬೆನ್ನಟ್ಟಿ ಹಿಡಿಯುವ ಅಧಿಕಾರ ಪೊಲೀಸರಿಗೆ ಇದೆ ಎಂದು ನಾನು ಹೋಗಿ ಕಂಡ ವಕೀಲರು ವಿವರಿಸಿದರು. ಇರಲಿ, ಇರಬೇಕು. ಕಳ್ಳ ಗಡಿಕಲ್ಲು ದಾಟಿದ ಕೂಡಲೇ ಸಾಧುವಾಗುವುದಿಲ್ಲ. ಆದರೆ ಅದೇ ಕಾನೂನು ಇನ್ನೂ ಕೆಲವು ಮಾತು ಹೇಳುತ್ತದಂತೆ. ಹಿಡಿದವರು ತಾವು ಯಾರೆಂದು ಹೇಳಬೇಕು, ಕಾರಣ ತಿಳಿಸಬೇಕು, ಮನೆಯವರಿಗೆ ಬರಹದಲ್ಲಿ ಕೊಡಬೇಕು, ಹೊರಗಿಂದ ಬಂದವರು ಇಲ್ಲಿನ ಠಾಣೆಗೆ ಸುದ್ದಿ ಮುಟ್ಟಿಸಬೇಕು, ದೂರ ಒಯ್ಯುವ ಮೊದಲು ಇಲ್ಲಿನ ನ್ಯಾಯಾಧೀಶರ ಮುಂದೆ ನಿಲ್ಲಿಸಿ ಅನುಮತಿ ಪಡೆಯಬೇಕು. ಭಾನುವಾರವೂ ಅದಕ್ಕೆಂದೇ ಒಬ್ಬ ನ್ಯಾಯಾಧೀಶರು ಇರುತ್ತಾರಂತೆ. ಕಾನೂನಿನ ಮೊದಲ ಸಾಲು ಮಾತ್ರ ಓದಿ ಪುಸ್ತಕ ಮುಚ್ಚುವ ವಿದ್ಯಾರ್ಥಿಗಳನ್ನು ನಾನು ಪಾಸು ಮಾಡುತ್ತಿರಲಿಲ್ಲ. ನೀವು ಮಾಡುತ್ತೀರಾ? ಟೊಮೆಟೊ ಲಾರಿ ಕೂಡ ರಾಜ್ಯ ದಾಟುವಾಗ ಜೊತೆಗೊಂದು ಬಿಲ್ಲು ಇಟ್ಟುಕೊಳ್ಳುತ್ತದೆ. ನನ್ನ ಮಗ ಎಷ್ಟು ಗಡಿ ದಾಟಿದನೋ, ಅವನ ಹೆಸರಿನಲ್ಲಿ ಒಂದು ತುಂಡು ಕಾಗದವಿಲ್ಲ. ಹೊರಗಿನವರು ನಿಮ್ಮ ಊರಿಗೆ ಬಂದು, ನಿಮ್ಮನ್ನು ಒಂದು ಮಾತು ಕೇಳದೆ, ನಿಮ್ಮ ಜನರನ್ನು ಎತ್ತಿಕೊಂಡು ಹೋದರೆ ನಿಮಗೆ ಅವಮಾನವೂ ಆಗುವುದಿಲ್ಲವೇ?

ಅವನು ತಪ್ಪೇ ಮಾಡಿಲ್ಲವೆಂದು ನಾನು ವಾದಿಸುತ್ತಿಲ್ಲ. ಯಾವುದೋ ಕದ್ದ ಫೋನು ಅವನ ಮೇಜಿಗೆ ಬಂದಿರಬಹುದು, ನನಗೆ ತಿಳಿಯದು. ತಪ್ಪಿದ್ದರೆ ಶಿಕ್ಷೆ ಆಗಲಿ. ನಾನು ಕೇಳುತ್ತಿರುವುದು ಬಿಡುಗಡೆಯನ್ನಲ್ಲ, ವಿಳಾಸವನ್ನು.

ಯಾಕೆಂದರೆ ಅವನಿಗೆ ಹತ್ತನೇ ವಯಸ್ಸಿನಿಂದ ಮೂರ್ಛೆ ರೋಗ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ತಪ್ಪದೆ ನುಂಗಬೇಕು. ತಪ್ಪಿದರೆ ನಿಂತಲ್ಲೇ ಬೀಳುತ್ತಾನೆ, ನಾಲಿಗೆ ಕಚ್ಚಿಕೊಳ್ಳುತ್ತಾನೆ. ವಾರದ ಏಳು ದಿನಕ್ಕೂ ಮನೆಗಳಿರುವ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ, ಪ್ರತಿ ಭಾನುವಾರ ಬೆಳಿಗ್ಗೆ ಅದನ್ನು ನಾನೇ ತುಂಬಿಡುತ್ತೇನೆ. ಅವತ್ತೂ ತುಂಬಿಸಿ, ಮೊದಲ ಮಾತ್ರೆ ಕೊಟ್ಟು ಅಂಗಡಿಗೆ ಕಳಿಸಿದ್ದೆ. ಮೊನ್ನೆ ಭಾನುವಾರ ಎದ್ದವಳೇ ಅಭ್ಯಾಸದಂತೆ ತುಂಬಲು ಹೋದೆ. ಆ ಒಂದು ಮಾತ್ರೆ ಬಿಟ್ಟರೆ ಡಬ್ಬಿ ತುಂಬಿಯೇ ಇತ್ತು. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟೆ. ಮಗಳು ಬಂದು ಎಬ್ಬಿಸಬೇಕಾಯಿತು.

ಹೈಕೋರ್ಟಿಗೆ ಅರ್ಜಿ ಹೋಗುತ್ತಿದೆ. ಗುರುವಾರ ವಿಚಾರಣೆಗೆ ಬರಬಹುದಂತೆ. ಇವತ್ತು ಮಂಗಳವಾರ. ಆ ಎರಡು ದಿನ ನನ್ನ ಬಳಿ ಇಲ್ಲ ಸ್ವಾಮಿ. ನಿಮ್ಮ ಮೇಜಿನ ಮೇಲೆ ಫೋನಿದೆ, ಆ ರಾಜ್ಯದಲ್ಲೂ ನಿಮ್ಮಂಥದೇ ಒಂದು ಕುರ್ಚಿಯಿದೆ, ಅದರಲ್ಲಿ ಕುಳಿತವರು ನಿಮ್ಮ ಕರೆಯನ್ನು ಎತ್ತಿಕೊಳ್ಳುತ್ತಾರೆ. ಇವತ್ತು ಸಂಜೆಯೊಳಗೆ ಒಂದು ಕರೆ ಮಾಡಿ. ನನ್ನ ಮಗ ಯಾವ ಠಾಣೆಯಲ್ಲಿದ್ದಾನೆ ಕೇಳಿ. ಅವನಿಗೆ ಮಾತ್ರೆ ಕೊಡಿಸಿ, ಹೆಸರನ್ನು ಕೆಳಗೆ ಬರೆದಿದ್ದೇನೆ. ಅದಾದ ಮೇಲೆ ಪುರುಸೊತ್ತಿದ್ದರೆ ಒಂದು ಆದೇಶ ಹೊರಡಿಸಿ: ಯಾವ ರಾಜ್ಯದ ಪೊಲೀಸರೇ ಬರಲಿ, ಮನೆಯ ಬಾಗಿಲು ತಟ್ಟುವಾಗ ಜೊತೆಯಲ್ಲಿ ನಮ್ಮ ಠಾಣೆಯವರೊಬ್ಬರು ನಿಂತಿರಬೇಕು. ಅವತ್ತು ಆ ನಾಲ್ವರ ಹಿಂದೆ ಅಂಜನಮೂರ್ತಿಯ ಖಾಕಿ ಕಂಡಿದ್ದರೆ ನಾನು ಕಾಫಿಗೆ ನೀರಿಡುತ್ತಿರಲಿಲ್ಲ. ಮೊದಲು ಕಾಗದ ಕೇಳುತ್ತಿದ್ದೆ. ಮಾತ್ರೆಯ ಡಬ್ಬಿಯನ್ನಾದರೂ ಅವನ ಕೈಗೆ ಕೊಡುತ್ತಿದ್ದೆ.

ಮಾತ್ರೆ: ಲೆವೆಟಿರಾಸೆಟಮ್ ಐನೂರು ಮಿಲಿಗ್ರಾಂ, ಬೆಳಿಗ್ಗೆ ಒಂದು, ಸಂಜೆ ಒಂದು.

ಇಂತಿ,
'ಬೇಗ ಬಾರೋ' ಎಂದು ತಾನೇ ಫೋನು ಮಾಡಿ ಮಗನನ್ನು ಕರೆಸಿಕೊಟ್ಟವಳು,
ಭಾಗ್ಯಲಕ್ಷ್ಮಿ, ನಿವೃತ್ತ ಕನ್ನಡ ಶಿಕ್ಷಕಿ
ಲಿಂಗರಾಜಪುರ