ಅಪ್ಪನ ದನಿಗೊಂದು ಬೀಗ

ಮನೆಯ ಮಹಡಿ ಕೋಣೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀ? ಹಡಗಿನ ಎಂಜಿನ್ ಕೋಣೆಯ ಸೆಖೆಗೆ ಬೆವರುಸಾಲೆ ಎದ್ದಿತ್ತಲ್ಲ, ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಉಣ್ಣು. ನನ್ನ ಮಂಡಿನೋವು ಇದ್ದದ್ದೇ. ಅಪ್ಪನ ಗಂಟಲಿನ ಆಪರೇಷನ್ ಇಪ್ಪತ್ತೆಂಟಕ್ಕೆ ನಿಗದಿಯಾಗಿದೆ. ಆಮೇಲೆ ದನಿ ಉಳಿಯುವುದು ಕಷ್ಟ ಅಂತ ಡಾಕ್ಟರು ಹೇಳಿಬಿಟ್ಟರು. ನನಗೆ ಭಯವಾಗಿದೆ, ಮುಚ್ಚಿಡುವುದೇನು. ಅದಕ್ಕೇ ನೀನು ಚಿಕ್ಕವಳಿದ್ದಾಗ ಅಪ್ಪ ಹೇಳುತ್ತಿದ್ದ ಕಥೆಗಳನ್ನೆಲ್ಲ ಅವರಿಂದ ಮತ್ತೆ ಹೇಳಿಸಿ, ರೆಕಾರ್ಡ್ ಮಾಡಿ, ನೀನೆಲ್ಲಿದ್ದರೂ ಕೇಳಲಿ ಅಂತ ಮನೆಯ ಹಳೇ ಕಂಪ್ಯೂಟರಿನಲ್ಲೇ ಒಂದು ವೆಬ್ ಪುಟ ಮಾಡಿಟ್ಟದ್ದು.

ಪುಟವನ್ನು ಕಂಪ್ಯೂಟರಿನೊಳಗೆ ಕಂಟೇನರ್ ಅನ್ನುವುದರಲ್ಲಿ ಬೇರೆಯಾಗಿ ಇಡಬೇಕು ಅಂತ ಓದಿದಾಗ ನನಗೆ ನಿನ್ನ ಹಡಗು ಹೊರುವ ಕಬ್ಬಿಣದ ಪೆಟ್ಟಿಗೆಯೇ ಕಣ್ಣಿಗೆ ಬಂತು. ಹೆಚ್ಚುಕಡಿಮೆ ಅದೇ ಅನ್ನು! ಪುಟ ತೋರಿಸುವ ಸರ್ವರ್ ಅದರೊಳಗೇ ಇರುತ್ತದೆ. ಅಲ್ಲೇನಾದರೂ ಕೆಟ್ಟರೆ ಕಂಪ್ಯೂಟರಿನ ಮಿಕ್ಕ ಸಾಮಾನಿಗೆ ಸುಲಭಕ್ಕೆ ತಾಕುವುದಿಲ್ಲ. ಹೊರಗಿನವರು ನೇರವಾಗಿ ಅದರ ಹತ್ತಿರ ಹೋಗುವಂತಿಲ್ಲ. ಮುಂದೆ ಇನ್ನೊಂದು ಪೆಟ್ಟಿಗೆ ಕೂತು, ಬಂದವರನ್ನು ವಿಚಾರಿಸಿ ಒಳಕ್ಕೆ ಜೋಡಿಸುತ್ತದೆ. ಅಷ್ಟು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತು ನಾನು ಮಾಡಿದ್ದೂ ಅದೇ ಕೆಲಸ ತಾನೆ?

ಕಳೆದ ಸಲ ನಿನಗೆ ಪುಟ ತೆರೆಯಲಿಲ್ಲವಲ್ಲ, ಅದು ನನ್ನದೇ ಎಡವಟ್ಟು. ಈ ಪುಟವನ್ನು ನಂಬಬಹುದು ಅಂತ ಹೇಳುವ ಸರ್ಟಿಫಿಕೇಟನ್ನು ನಾನೇ ಬರೆದು ನಾನೇ ಸಹಿ ಹಾಕಿದ್ದೆ. ನಮ್ಮ ಬೆನ್ನು ನಾವೇ ತಟ್ಟಿಕೊಂಡರೆ ಹಡಗಿನ ಕಂಪ್ಯೂಟರು ನಂಬುತ್ತದೆಯೇ? "ಎಚ್ಚರಿಕೆ ಬಂದ್ರೂ ಪರವಾಗಿಲ್ಲ, ಒತ್ತು" ಅಂದಿದ್ದೆನಲ್ಲ, ಆ ಬುದ್ಧಿಮಾತು ಮರೆತುಬಿಡು. ಸರಿ, ಸರ್ಟಿಫಿಕೇಟ್ ಕೊಡುವ ಸಂಸ್ಥೆಯನ್ನೇ ಕೇಳಿದೆ. ವಿಳಾಸ ನಮ್ಮದೇ ಹೌದೋ ಅಂತ ಅವರ ಯಂತ್ರ ಬಂದು ನೋಡಿಹೋಗಬೇಕಂತೆ. ಎಷ್ಟು ಸಲ ಕೇಳಿದರೂ ಆಗಲಿಲ್ಲ ಅಂತಲೇ ಉತ್ತರ! ಅವರನ್ನು ಬೈದದ್ದೇ ಬೈದದ್ದು. ಕೊನೆಗೆ ಅಪ್ಪ, "ಅಲ್ವೇ, ಕಳ್ಳರು ಬರ್ತಾರೆ ಅಂತ ಎಲ್ಲಾ ಬಾಗಿಲೂ ಹಾಕ್ಕೊಂಡು ಕೂತಿದ್ದೀಯ. ಇವರು ಬರೋದಾದ್ರೂ ಎಲ್ಲಿಂದ?" ಅಂದರು. ಅಯ್ಯೋ, ಹೌದಲ್ಲ! ಕಂಪ್ಯೂಟರಿಗೆ ಹೊರಗಿನಿಂದ ಬರುವ ದಾರಿಗಳಲ್ಲಿ ಅವರು ಬಂದು ತಟ್ಟುವ ಬಾಗಿಲನ್ನೂ ನಾನೇ ಮುಚ್ಚಿದ್ದೆ. ಅದೊಂದನ್ನು ತೆರೆದದ್ದೇ ತಡ, ಸರ್ಟಿಫಿಕೇಟ್ ಬಂತು, ವಿಳಾಸದ ಪಕ್ಕ ಪುಟ್ಟ ಬೀಗದ ಚಿತ್ರ ಮೂಡಿತು. ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಈಗ ನಿನಗೂ ತೆರೆಯಬೇಕು.

ನಿನ್ನ ದಾರಿಯ ಸಮುದ್ರವೆಲ್ಲ ತಣ್ಣಗಿರಲಿ, ಕಂದಾ.

ನಿನ್ನ
ಅಮ್ಮ

ತಾ.ಕ.: ಅವಸರದಲ್ಲಿ ಮುಖ್ಯವಾದದ್ದೇ ಮರೆತೆ. ಅಪ್ಪ ಹಟ ಹಿಡಿದು, ನೀನು ಮಾತಾಡಿ ಕಳಿಸುವುದಕ್ಕೂ ಪುಟದ ಕೆಳಗೊಂದು ಗುಂಡಿ ಇಡಿಸಿದ್ದಾರೆ. "ಆಪರೇಷನ್ನು ಗಂಟಲಿಗೆ ತಾನೆ, ಕಿವಿಗಲ್ಲವಲ್ಲ?" ಅಂದರು. ಕೇಳಿ ಸುಮ್ಮನಾಗಬೇಡ. ಇನ್ನು ಕಥೆ ಹೇಳುವವಳು ನೀನು.